ಪದ್ಯ ಬಿಟ್ಟು ಅರ್ಥ ಹೇಳಬೇಡಿ: ಮಾರ್ಕಸ್ ಅರೇಲಿಯಸ್ ಬಗ್ಗೆ ನಾಲ್ಕು ಭಾನುವಾರಗಳ ವಾದಕೂಟ ನಡೆಸುವ ಕ್ರಮ

2ನೇ ಶತಮಾನದ ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ಈಗ ಮುಂಬಯಿ ಕನ್ನಡಿಗರ ಮೊಬೈಲಿಗೂ ಬಂದು ಕೂತಿದ್ದಾನೆ. ಬೆಳಗ್ಗೆ ಲೋಕಲ್ ಟ್ರೇನಿನಲ್ಲಿ ಅವನ ಹೆಸರಿನ ಸುಭಾಷಿತ ಓದಿ ಮುಂದಕ್ಕೆ ಕಳಿಸುವವರು ಬೇಕಾದಷ್ಟಿದ್ದಾರೆ. ಆದರೆ ಅವನ ಆಳ್ವಿಕೆಯ ಕುರಿತು ಇತಿಹಾಸಕಾರರು ಮಾಡುತ್ತ ಬಂದ ಜಗಳಗಳು ಸುಭಾಷಿತಗಳಿಗಿಂತ ಹೆಚ್ಚು ರುಚಿಕರ. ಅವನಿಗೆ ಅಫೀಮಿನ ಚಟವಿತ್ತೇ? ಯುದ್ಧಭೂಮಿಯಲ್ಲಿ ಮಳೆ ತರಿಸಿದ್ದು ಯಾರ ದೇವರು? ಅವನ ಕಾಲದಲ್ಲಿ ಕ್ರೈಸ್ತರು ಸತ್ತದ್ದಕ್ಕೆ ಅವನೆಷ್ಟು ಹೊಣೆ? ಇಷ್ಟು ತಿಳಿದವನು ಕೆಟ್ಟ ಆಳ್ವಿಕೆಗೆ ಹೆಸರಾದ ಕೊಮೊಡಸ್‌ನಂಥ ಮಗನಿಗೆ ಪಟ್ಟ ಏಕೆ ಕೊಟ್ಟ? ಸಂಘದ ಒಂದು ಕೋಣೆ, ಹದಿನೈದು ಜನ, ನಾಲ್ಕು ಭಾನುವಾರ ಇದ್ದರೆ ಈ ನಾಲ್ಕನ್ನೂ ಕನ್ನಡದಲ್ಲಿ ಚೆನ್ನಾಗಿ ನಡೆಸಬಹುದು.

ನಡೆಸುವ ಮಾದರಿ ನಮ್ಮಲ್ಲೇ ಇದೆ. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ, ಭಾಗವತರು ಪದ್ಯ ಹಾಡಿದ ಮೇಲೆಯೇ ಅದರ ಅರ್ಥ ಹೇಳುವ ಅರ್ಥಧಾರಿ ಬಾಯಿ ತೆರೆಯುತ್ತಾನೆ. ಎಷ್ಟೇ ಮಾತುಗಾರನಾದರೂ ಅವನು ಪದ್ಯದ ಹದ್ದು ಮೀರಿ ಹೋಗುವಂತಿಲ್ಲ. ಇಲ್ಲಿ ಮೂಲಗ್ರಂಥದ ತುಣುಕೇ ಪದ್ಯ. ಅದನ್ನು ಗಟ್ಟಿಯಾಗಿ ಓದದೆ ಯಾರೂ ವಾದ ಶುರು ಮಾಡಬಾರದು. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ: ತಾಳಮದ್ದಳೆಯಲ್ಲಿ ಪ್ರಸಂಗ ಒಂದೇ, ಇಲ್ಲಿ ಒಂದೇ ಘಟನೆಗೆ ನಾಲ್ಕೈದು ಪದ್ಯಗಳು, ಒಂದಕ್ಕೊಂದು ಎದುರು ನಿಲ್ಲುವಂಥವು. ಹಾಗಾಗಿ ಅರ್ಥ ಹೇಳುವ ಮುಂಚೆ ಪ್ರತಿ ಪದ್ಯ ಎಲ್ಲಿಂದ ಬಂತು ಎಂದು ತೂಗಬೇಕು. ಕೂಟದ ಅರ್ಧ ಕೆಲಸ ಅದೇ.

ತಯಾರಿ

ಜನ 12ರಿಂದ 16. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನವರು ಬರೀ ಪ್ರೇಕ್ಷಕರಾಗುತ್ತಾರೆ. ಒಂದು ಬೈಠಕ್ಕಿಗೆ ಎರಡು ಗಂಟೆ. ಭಾನುವಾರ ಸಂಜೆ 5ಕ್ಕೆ ಇಟ್ಟುಕೊಳ್ಳಿ. ಹಗಲು ಹೊತ್ತು ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ಡೊಂಬಿವಲಿ, ಕಲ್ಯಾಣದ ಕಡೆಯಿಂದ ಮಾಟುಂಗಾಕ್ಕೆ ಬರುವವರು ಅರ್ಧ ದಾರಿಯಲ್ಲೇ ಉಳಿಯುತ್ತಾರೆ. ಜುಲೈ, ಆಗಸ್ಟ್ ಬೇಡ. ಗಣೇಶ ಚೌತಿ ಮುಗಿದ ಮೇಲೆ ಆರಂಭಿಸಿದರೆ ನಾಲ್ಕು ವಾರ ತಪ್ಪದೆ ನಡೆಯುತ್ತದೆ.

ಒಬ್ಬರು ಭಾಗವತರ ಸ್ಥಾನದಲ್ಲಿರಲಿ. ಕಾರ್ಡು ಓದುವುದು, ಸಮಯ ನೋಡುವುದು, ದಾರಿ ತಪ್ಪಿದವರನ್ನು ಕಾರ್ಡಿಗೆ ವಾಪಸು ಕರೆತರುವುದು ಅವರ ಕೆಲಸ. ಅವರು ವಾದ ಮಾಡುವಂತಿಲ್ಲ. ಎರಡು ಪಕ್ಷ, ಪಕ್ಷಕ್ಕೆ ಇಬ್ಬರು ಅರ್ಥಧಾರಿಗಳು, ಒಬ್ಬೊಬ್ಬರಿಗೆ ಒಂದು ಸರದಿಗೆ 4 ನಿಮಿಷ, ಒಟ್ಟು ಮೂರು ಸರದಿ. ಉಳಿದವರು ಕೊನೆಯ 40 ನಿಮಿಷದಲ್ಲಿ ಪ್ರಶ್ನೆ ಕೇಳಲಿ. ಪಕ್ಷವನ್ನು ಚೀಟಿ ಎತ್ತಿ ನಿರ್ಧರಿಸಿ. ತನಗೆ ಇಷ್ಟವಾದ ಪಕ್ಷ ತಾನೇ ಆರಿಸಿಕೊಂಡವರು ಕಾರ್ಡನ್ನು ಸರಿಯಾಗಿ ಓದುವುದಿಲ್ಲ.

ಓದಲು ಬೇಕಾದ ಮುಖ್ಯ ಮೂಲಗಳು ನಾಲ್ಕು: ಮಾರ್ಕಸ್ ತಾನೇ ಗ್ರೀಕಿನಲ್ಲಿ ಬರೆದ 12 ಭಾಗಗಳ ಟಿಪ್ಪಣಿ, ಕ್ಯಾಸಿಯಸ್ ಡಿಯೊ ಬರೆದ ರೋಮಿನ ಇತಿಹಾಸದಲ್ಲಿ ಮಾರ್ಕಸ್‌ಗೆ ಸೇರಿದ ಭಾಗ, ‘ಹಿಸ್ಟೋರಿಯಾ ಆಗಸ್ಟಾ’ದಲ್ಲಿರುವ ಮಾರ್ಕಸ್‌ನ ಜೀವನ, ಯುಸೇಬಿಯಸ್‌ನ ಚರ್ಚ್ ಇತಿಹಾಸದ 4 ಮತ್ತು 5ನೇ ಪುಸ್ತಕ. ನಾಲ್ಕಕ್ಕೂ ಹಕ್ಕುಸ್ವಾಮ್ಯ ಮುಗಿದ ಹಳೆಯ ಇಂಗ್ಲಿಷ್ ಅನುವಾದಗಳಿವೆ, ದುಡ್ಡು ಕೊಡಬೇಕಿಲ್ಲ. ಡಿಯೊನ ಪುಸ್ತಕಸಂಖ್ಯೆಯಲ್ಲಿ ಎಲ್ಲರೂ ಎಡವುತ್ತಾರೆ. ಒಂದೇ ಭಾಗವನ್ನು ಕೆಲವು ಮುದ್ರಣಗಳು 71 ಎಂದೂ ಕೆಲವು 72 ಎಂದೂ ಎಣಿಸುತ್ತವೆ. ಕಾರ್ಡಿನಲ್ಲಿ ಎರಡನ್ನೂ ಬರೆದಿಡಿ. ಇಲ್ಲವಾದರೆ ಅರ್ಧ ಗಂಟೆ ಪುಟ ಹುಡುಕುವುದರಲ್ಲೇ ಹೋಗುತ್ತದೆ.

ಇನ್ನು ಕಾರ್ಡು. ಪೋಸ್ಟ್‌ಕಾರ್ಡ್ ಅಳತೆಯ ದಪ್ಪ ಕಾಗದ ಸಾಕು. ಒಂದು ಬೈಠಕ್ಕಿಗೆ 5ರಿಂದ 8 ಕಾರ್ಡು, ಅದಕ್ಕಿಂತ ಹೆಚ್ಚು ಬೇಡ. ಮುಂಬದಿಯಲ್ಲಿ ಮೂಲದ ಮಾತು ಕನ್ನಡದಲ್ಲಿ, ಐದಾರು ಸಾಲು. ಹಿಂಬದಿಯಲ್ಲಿ ಐದು ಪ್ರಶ್ನೆಗಳಿಗೆ ಉತ್ತರ: ಯಾರು ಬರೆದದ್ದು, ಘಟನೆಯಾಗಿ ಎಷ್ಟು ವರ್ಷಕ್ಕೆ, ಕಂಡದ್ದೋ ಕೇಳಿದ್ದೋ, ಬರೆದವನಿಗೆ ಇದರಿಂದ ಏನು ಲಾಭ, ಈ ಬರಹ ನಮ್ಮವರೆಗೆ ಹೇಗೆ ಉಳಿದು ಬಂತು. ಡಿಯೊನ ಕಾರ್ಡಿನ ಹಿಂಬದಿ ಹೀಗಿರುತ್ತದೆ:

“ಡಿಯೊ, ನೈಸಿಯಾ ಊರಿನವ, ಸೆನೆಟ್ ಸದಸ್ಯ. ಮಾರ್ಕಸ್ ಸತ್ತಾಗ ಸುಮಾರು ಹದಿನೈದರ ಹುಡುಗ. ಬರೆದದ್ದು 3ನೇ ಶತಮಾನದ ಆರಂಭದಲ್ಲಿ. ಕೊಮೊಡಸ್‌ನ ಆಡಳಿತವನ್ನು ಸೆನೆಟ್‌ನಲ್ಲಿ ಕೂತು ಕಣ್ಣಾರೆ ಕಂಡವ, ಮಾರ್ಕಸ್‌ನದನ್ನು ಹೆಚ್ಚಾಗಿ ಕೇಳಿ ತಿಳಿದವ. ಈ ಭಾಗದ ಮೂಲ ಕಳೆದುಹೋಗಿದೆ. 11ನೇ ಶತಮಾನದ ಕ್ಸಿಫಿಲಿನಸ್ ಎಂಬ ಸನ್ಯಾಸಿ ಮಾಡಿದ ಸಂಗ್ರಹದ ಮೂಲಕ ಬಹುಪಾಲು ಸಿಗುತ್ತದೆ.”

ಕೊನೆಯ ಸಾಲನ್ನು ಬಿಡಲೇಬೇಡಿ. ಎರಡನೇ ಭಾನುವಾರದ ವಾದ ಪೂರ್ತಿ ನಿಂತಿರುವುದು ಅದರ ಮೇಲೆ.

‘ಹಿಸ್ಟೋರಿಯಾ ಆಗಸ್ಟಾ’ದ ಕಾರ್ಡಿಗೆ ಕೆಂಪು ಅಂಚು ಹಾಕಿ. ತಾನು ಆರು ಮಂದಿ ಲೇಖಕರ ಕೃತಿ, ಡಯೊಕ್ಲೀಷಿಯನ್ ಮತ್ತು ಕಾನ್‌ಸ್ಟಂಟೈನ್ ಕಾಲದ್ದು ಎಂದು ಅದು ಹೇಳಿಕೊಳ್ಳುತ್ತದೆ. 1889ರಲ್ಲಿ ಹರ್ಮನ್ ಡೆಸೌ ಎಂಬ ಜರ್ಮನ್ ವಿದ್ವಾಂಸರು ಇದು ಒಬ್ಬನೇ ಬರೆದದ್ದು, ಅದೂ 4ನೇ ಶತಮಾನದ ಕೊನೆಗೆ ಎಂದು ವಾದಿಸಿದರು. ಇವತ್ತು ಬಹುತೇಕ ಎಲ್ಲರೂ ಒಪ್ಪುವುದು ಅದನ್ನೇ. ಮಾರ್ಕಸ್‌ನ ಜೀವನದಲ್ಲಿ ಒಳ್ಳೆಯ ಮಾಹಿತಿ ಸಾಕಷ್ಟಿದೆ. ಆದರೆ ಅದೇ ಕೃತಿಯಲ್ಲಿ ಬರುವ, ಮಾರ್ಕಸ್ ವಿರುದ್ಧ ದಂಗೆಯೆದ್ದ ಅವಿಡಿಯಸ್ ಕ್ಯಾಸಿಯಸ್‌ನ ಜೀವನದೊಳಗಿನ ಪತ್ರಗಳು ಕಲ್ಪಿತ. ಅವುಗಳನ್ನು ಕೂಟದಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು.

ಪದಗಳ ಎಚ್ಚರ

ಕಾರ್ಡನ್ನು ಕನ್ನಡಕ್ಕೆ ತರುವಾಗ ಮೂರು ಪದಗಳು ಕೈಕೊಡುತ್ತವೆ. ಮಾರ್ಕಸ್‌ನ ಪುಸ್ತಕಕ್ಕೆ ‘ಧ್ಯಾನಗಳು’ ಎಂದರೆ ಕೇಳುವವರು ಪದ್ಮಾಸನ ಹಾಕಿದ ಋಷಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಗ್ರೀಕಿನಲ್ಲಿ ಬಳಕೆಗೆ ಬಂದ ಹೆಸರಿನ ಅರ್ಥ ‘ತನಗೆ ತಾನೇ’ ಎಂದು. ಹೀಗೆ ಹೆಸರಿಟ್ಟವನು ಮಾರ್ಕಸ್ ಎನ್ನುವುದಕ್ಕೂ ಆಧಾರವಿಲ್ಲ. ಬೇರೆಯವರು ಓದಲಿ ಎಂದು ಬರೆದ ಪುಸ್ತಕದಂತೆ ಅದು ಕಾಣುವುದಿಲ್ಲ, ಒಂದು ಭಾಗಕ್ಕೆ ‘ಗ್ರಾನುವಾ ನದಿಯ ದಡದಲ್ಲಿ, ಕ್ವಾಡಿಗಳ ನಡುವೆ’ ಎಂಬ ಗುರುತಿದೆ (ಕ್ವಾಡಿಗಳೆಂದರೆ ರೋಮನ್ನರು ಕಾದಾಡುತ್ತಿದ್ದ ಒಂದು ಜರ್ಮನಿಕ್ ಬುಡಕಟ್ಟು), ಇನ್ನೊಂದಕ್ಕೆ ‘ಕಾರ್ನುಂಟಮ್‌ನಲ್ಲಿ’ ಎಂದು. ಯುದ್ಧದ ಶಿಬಿರದಲ್ಲಿ ಬರೆದ ಸ್ವಂತದ ಟಿಪ್ಪಣಿ. ‘ಸ್ವಗತ’ ಎಂದರೆ ನಡೆದೀತು.

ಎರಡನೆಯದು ‘ಪ್ಲೇಗ್’. ಅವನ ಕಾಲದ ಸಾಂಕ್ರಾಮಿಕಕ್ಕೆ ಇಂಗ್ಲಿಷಿನವರು ಆ ಪದ ಹಾಕುತ್ತಾರೆ. ಕನ್ನಡದಲ್ಲಿ, ಅದರಲ್ಲೂ 1896ರ ನೆನಪಿರುವ ಮುಂಬಯಿಯಲ್ಲಿ, ಪ್ಲೇಗ್ ಎಂದರೆ ಇಲಿ, ಗೆಡ್ಡೆ. ಗೇಲನ್ ವೈದ್ಯನು ವರ್ಣಿಸಿದ್ದು ಮೈಮೇಲೆ ದದ್ದು ಏಳುವ ರೋಗವನ್ನು. ಹಲವರು ಅದನ್ನು ಸಿಡುಬು ಎನ್ನುತ್ತಾರೆ. ‘ಮಹಾಮಾರಿ’ ಎಂದೇ ಬರೆಯಿರಿ. ಸತ್ತವರ ಪ್ರಮಾಣದ ಅಂದಾಜುಗಳು ಜನಸಂಖ್ಯೆಯ ನೂರಕ್ಕೆ 2ರಿಂದ 25ರವರೆಗೆ ಹರಡಿಕೊಂಡಿವೆ, ಆ ಜಗಳಕ್ಕೆ ಬೇರೆಯೇ ಒಂದು ಬೈಠಕ್ ಬೇಕು. ರೋಮಿನಲ್ಲಿ ದಿನಕ್ಕೆ 2,000 ಸಾವು ಎಂದು ಡಿಯೊ ಹೇಳುವುದು ಕೊಮೊಡಸ್ ಕಾಲದ, 189ರ ಸುಮಾರಿನ ಹಾವಳಿಯ ಬಗ್ಗೆ. ಅದನ್ನು ಮಾರ್ಕಸ್‌ನ ಕಾಲಕ್ಕೆ ಅಂಟಿಸುವ ತಪ್ಪು ತುಂಬ ಸಾಮಾನ್ಯ.

ಮೂರನೆಯದು ‘ಸ್ಥಿತಪ್ರಜ್ಞ’. ಮಾರ್ಕಸ್ ಅನುಸರಿಸಿದ, ಮನಸ್ಸಿನ ಹಿಡಿತಕ್ಕೆ ಒತ್ತು ಕೊಡುವ ಗ್ರೀಕ್ ತತ್ವಪಂಥಕ್ಕೆ ಸ್ಟೋಯಿಕ್ ಎಂದು ಹೆಸರು. ಸ್ಟೋಯಿಕ್ ಎಂದ ತಕ್ಷಣ ಯಾರಾದರೂ ಗೀತೆಯ ಎರಡನೇ ಅಧ್ಯಾಯ ತೆಗೆಯುತ್ತಾರೆ. ಹೋಲಿಕೆ ಸೊಗಸಾದದ್ದೇ. ಆದರೂ ನಾಲ್ಕನೇ ಭಾನುವಾರ ಮುಗಿಯುವ ತನಕ ಅದನ್ನು ಹೊರಗಿಡಿ. ಬೇಗ ತಂದರೆ ಮಾರ್ಕಸ್ ಮಾಯವಾಗಿ ಅರ್ಜುನ ಕೂರುತ್ತಾನೆ.

ಜೊತೆಗೆ ಒಂದು ಕಟ್ಟಳೆ: ಭಾಗ ಮತ್ತು ಕ್ರಮಸಂಖ್ಯೆ ಇಲ್ಲದ ಸುಭಾಷಿತಕ್ಕೆ ಕೂಟದಲ್ಲಿ ಜಾಗವಿಲ್ಲ. ಕೇಳಿದ್ದೆಲ್ಲ ಬರೀ ಅಭಿಪ್ರಾಯ, ಕಂಡದ್ದೆಲ್ಲ ಬರೀ ಒಂದು ದೃಷ್ಟಿಕೋನ ಎಂಬ ಅರ್ಥದ ಮಾತು ಮಾರ್ಕಸ್‌ನ ಹೆಸರಿನಲ್ಲಿ ಎಲ್ಲೆಡೆ ಓಡಾಡುತ್ತಿದೆ. 12 ಭಾಗಗಳಲ್ಲಿ ಎಲ್ಲಿ ಹುಡುಕಿದರೂ ಅದು ಸಿಗುವುದಿಲ್ಲ.

ಆರಂಭಕ್ಕೊಂದು ನಾಣ್ಯ

ಮೊದಲ ದಿನ ಇಟಲಿಯ 50 ಸೆಂಟ್ ಯೂರೋ ನಾಣ್ಯ ಒಂದನ್ನು ಕೈಯಿಂದ ಕೈಗೆ ದಾಟಿಸಿ. ಹಡಗಿನಲ್ಲಿ ದುಡಿಯುವವರ ಮನೆಯಲ್ಲಿ ವಿದೇಶಿ ಚಿಲ್ಲರೆಯ ಡಬ್ಬಿ ಇದ್ದೇ ಇರುತ್ತದೆ, ಕೇಳಿ ನೋಡಿ. 24.25 ಮಿ.ಮೀ. ಅಗಲದ ಹಳದಿ ನಾಣ್ಯ, ಹೆಚ್ಚುಕಡಿಮೆ ನಮ್ಮ ಐದು ರೂಪಾಯಿಯಷ್ಟು. ಅದರ ಮೇಲೆ ಕುದುರೆ ಏರಿ ಬಲಗೈ ಚಾಚಿದ ಮಾರ್ಕಸ್ ಇದ್ದಾನೆ, ರೋಮಿನ ಕಾಪಿಟೋಲ್ ಗುಡ್ಡದ ಕಂಚಿನ ಪ್ರತಿಮೆಯ ಚಿತ್ರ. ಹಳೆಯ ಚಕ್ರವರ್ತಿಗಳ ಕಂಚಿನ ಪ್ರತಿಮೆಗಳನ್ನು ಮಧ್ಯಯುಗದಲ್ಲಿ ಕರಗಿಸಿದರು. ಇದು ಉಳಿದುಕೊಂಡದ್ದು ಜನ ಇದನ್ನು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನ್ ಎಂದು ತಿಳಿದದ್ದರಿಂದ. ಒಂದು ತಪ್ಪು ಗುರುತು ಒಂದು ಸಾಕ್ಷಿಯನ್ನು ಉಳಿಸಿತು. ನಾಣ್ಯ ಕೈಯಲ್ಲಿರುವಾಗ ಇದನ್ನು ಹೇಳಿದರೆ, ಐದನೇ ಪ್ರಶ್ನೆ (ಹೇಗೆ ಉಳಿದು ಬಂತು?) ಯಾಕೆ ಬೇಕು ಎಂದು ಬೇರೆ ವಿವರಿಸಬೇಕಾಗುವುದಿಲ್ಲ.

ಮೊದಲ ಭಾನುವಾರ: ಅಫೀಮು

ಇದನ್ನು ಮೊದಲಿಗಿಡಲು ಕಾರಣ, ಕಾರ್ಡುಗಳು ಕಡಿಮೆ, ಪಾಠ ದೊಡ್ಡದು. ಡಿಯೊ ಹೇಳುವುದಿಷ್ಟು: ಮಾರ್ಕಸ್ ದೇಹದಲ್ಲಿ ಬಲಹೀನ, ತುಂಬ ಕಡಿಮೆ ಉಣ್ಣುತ್ತಿದ್ದ, ಹೊಟ್ಟೆ ಮತ್ತು ಎದೆಯ ತೊಂದರೆಗೆ ಥೀರಿಯಾಕ್ ಎಂಬ ಮದ್ದು ತೆಗೆದುಕೊಳ್ಳುತ್ತಿದ್ದ. ಹತ್ತಾರು ಪದಾರ್ಥ ಅರೆದು ಮಾಡುವ, ವಿಷಕ್ಕೂ ಮದ್ದು ಎನ್ನಿಸಿಕೊಂಡ ಲೇಹ್ಯದಂಥದ್ದು ಅದು. ಅವನ ವೈದ್ಯ ಗೇಲನ್ ಇನ್ನಷ್ಟು ಹೇಳುತ್ತಾನೆ. ದಿನಕ್ಕೆ ಒಂದು ಈಜಿಪ್ಟ್ ಅವರೆಯ ಗಾತ್ರ. ಹಗಲಲ್ಲಿ ತೂಕಡಿಕೆ ಬಂದಾಗ ಅದರಲ್ಲಿನ ಗಸಗಸೆ ಹಾಲನ್ನು, ಅಂದರೆ ಅಫೀಮನ್ನು ತೆಗೆಸಿದ, ಆಗ ರಾತ್ರಿ ನಿದ್ದೆ ಬರಲಿಲ್ಲ, ಮತ್ತೆ ಹಾಕಿಸಿಕೊಂಡ.

1961ರಲ್ಲಿ ಥಾಮಸ್ ಆಫ್ರಿಕಾ ಎಂಬ ಇತಿಹಾಸಕಾರರು ಇದರ ಮೇಲೆ ವಾದ ಕಟ್ಟಿದರು: ಬಿಟ್ಟಾಗ ನಿದ್ದೆ ಕೆಟ್ಟಿತು, ಆದ್ದರಿಂದ ಚಟ, ಸ್ವಗತದಲ್ಲಿ ಕಾಲ ನದಿಯಂತೆ ಹರಿಯುವ, ಲೋಕವನ್ನೇ ಮೇಲಿಂದ ನೋಡುವ ಚಿತ್ರಗಳಿವೆ, ಅವು ಅಫೀಮಿನ ದೃಶ್ಯಗಳು. ಫ್ರಾನ್ಸಿನ ಪಿಯೆರ್ ಹ್ಯಾಡೋ ಇದನ್ನು ತಳ್ಳಿಹಾಕಿದರು. ಮೇಲಿಂದ ನೋಡುವುದು ಆ ಕಾಲದ ತತ್ವಶಾಸ್ತ್ರದಲ್ಲಿ ಕಲಿತು ಅಭ್ಯಾಸ ಮಾಡುವ ಮನಸ್ಸಿನ ಸಾಧನೆ, ಕನಸಲ್ಲ ಎಂಬುದು ಅವರ ಮುಖ್ಯ ಮಾತು.

ನಡೆಸುವಾಗ ಬೋರ್ಡಿನ ಮೇಲೆ ಮೆಟ್ಟಿಲು ಬರೆಯಿರಿ. ಮದ್ದು ತಿಂದ: ಇಬ್ಬರು ಸಾಕ್ಷಿಗಳು. ಅದರಲ್ಲಿ ಅಫೀಮಿತ್ತು: ವೈದ್ಯನೇ ಹೇಳಿದ್ದು. ಬಿಟ್ಟಾಗ ನಿದ್ದೆ ಹೋಯಿತು: ಅದೂ ವೈದ್ಯನದೇ. ಅದು ಚಟ: ಇಲ್ಲಿ ಕಾರ್ಡು ಮುಗಿಯಿತು, ಪ್ರಮಾಣ ಗೊತ್ತಿಲ್ಲದೆ ಇಟ್ಟ ಹೆಜ್ಜೆ. ಚಟದಿಂದ ಆ ಬರವಣಿಗೆ ಹುಟ್ಟಿತು: ಹಿಂದಿನ ಮೆಟ್ಟಿಲೇ ಅಲುಗಾಡುವಾಗ ಅದರ ಮೇಲೆ ಇನ್ನೊಂದು. ಯಾವ ಮೆಟ್ಟಿಲಿಗೆ ಕಾರ್ಡಿದೆ, ಯಾವುದಕ್ಕಿಲ್ಲ ಎಂದು ಕೂಟದವರೇ ಗುರುತು ಹಾಕಲಿ. ವೈದ್ಯರೋ ಔಷಧಿ ಅಂಗಡಿಯವರೋ ಕೂಟದಲ್ಲಿದ್ದರೆ ಅವರಿಗೆ ಐದು ನಿಮಿಷ ಹೆಚ್ಚು ಕೊಡಿ, ಬೇರೆ ಪದಾರ್ಥಗಳ ಜೊತೆ ನುಂಗುವ ಅಲ್ಪ ಅಫೀಮು ಏನು ಮಾಡುತ್ತದೆ ಎಂಬುದು ಅವರಿಗೇ ಗೊತ್ತಿರುವುದು.

ಎರಡನೇ ಭಾನುವಾರ: ಮಳೆ

ನಾಲ್ಕರಲ್ಲಿ ಅತ್ಯುತ್ತಮವಾದ ಬೈಠಕ್ ಇದು, ಅವಸರ ಮಾಡಬೇಡಿ. ಡ್ಯಾನ್ಯೂಬ್ ನದಿಯಾಚೆ ಕ್ವಾಡಿಗಳ ನಾಡಿನಲ್ಲಿ ರೋಮನ್ ಸೈನ್ಯ ಸುತ್ತುವರಿಯಲ್ಪಟ್ಟು, ಬಿಸಿಲಿಗೆ ನೀರಿಲ್ಲದೆ ಬಸವಳಿದಿತ್ತು. ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಸೈನಿಕರು ಗುರಾಣಿ, ಶಿರಸ್ತ್ರಾಣ ಮೇಲೆತ್ತಿ ನೀರು ಹಿಡಿದು ಕುಡಿದರು, ಗೆದ್ದರು. ಮಳೆ ಬಂದದ್ದರ ಬಗ್ಗೆ ಜಗಳವಿಲ್ಲ. ತರಿಸಿದ್ದು ಯಾರು?

ಕಾರ್ಡುಗಳನ್ನು ಕಾಲಕ್ರಮದಲ್ಲೇ ಓದಿ, ಕ್ರಮ ತಪ್ಪಿದರೆ ಈ ಬೈಠಕ್ಕಿನ ಸ್ವಾರಸ್ಯ ಹೋಯಿತು. ಮೊದಲು ಕಲ್ಲು: ರೋಮಿನಲ್ಲಿ ಇಂದಿಗೂ ನಿಂತಿರುವ ಮಾರ್ಕಸ್‌ನ ಸ್ತಂಭ, 193ರ ಹೊತ್ತಿಗೆ ಮುಗಿದದ್ದು. ಅದರ ಮೇಲೆ ರೆಕ್ಕೆಯುಳ್ಳ, ಗಡ್ಡದ ಒಂದು ಆಕೃತಿ, ಚಾಚಿದ ತೋಳುಗಳಿಂದ ನೀರು ಧಾರೆಯಾಗಿ ಇಳಿಯುತ್ತಿದೆ. ಕೆಳಗೆ ಬಿದ್ದ ಶತ್ರುಗಳು, ಕುದುರೆಗಳು. ಮಂತ್ರವಾದಿ ಇಲ್ಲ, ಪ್ರಾರ್ಥಿಸುವ ಕ್ರೈಸ್ತರೂ ಇಲ್ಲ, ಆ ಆಕೃತಿ ಯಾವ ದೇವರು ಎಂದು ಹೆಸರೂ ಇಲ್ಲ. ಎರಡನೆಯದು ಕ್ರೈಸ್ತ ಲೇಖಕ ಟೆರ್ಟುಲಿಯನ್, ಸುಮಾರು 197: ಕ್ರೈಸ್ತ ಸೈನಿಕರ ಪ್ರಾರ್ಥನೆಯಿಂದ ಮಳೆ ಬಂತು, ಮಾರ್ಕಸ್‌ನ ಪತ್ರವೇ ಅದಕ್ಕೆ ಸಾಕ್ಷಿ ಎನ್ನುತ್ತಾನೆ. ಮೂರನೆಯದು ಡಿಯೊ: ಅರ್ನುಫಿಸ್ ಎಂಬ ಈಜಿಪ್ಟಿನ ಮಾಂತ್ರಿಕ ಚಕ್ರವರ್ತಿಯ ಜೊತೆಗಿದ್ದ, ಗಾಳಿಯ ದೇವರಾದ ಹರ್ಮೆಸ್‌ನನ್ನು ಕರೆದು ಮಳೆ ತರಿಸಿದ ಎಂಬ ಕಥೆಯಿದೆ ಎನ್ನುತ್ತಾನೆ. ನಾಲ್ಕನೆಯದು 4ನೇ ಶತಮಾನದ ಯುಸೇಬಿಯಸ್: ಪ್ರಾರ್ಥಿಸಿದ ಆ ಕ್ರೈಸ್ತ ಸೈನಿಕರ ದಳಕ್ಕೆ ‘ಸಿಡಿಲಿನ ದಳ’ ಎಂಬ ಹೆಸರು ಬಂದದ್ದೇ ಈ ಘಟನೆಯಿಂದ ಎಂದು ಹಳೆಯ ಬಿಷಪ್ ಅಪೊಲಿನಾರಿಸ್‌ನನ್ನು ಆಧಾರವಾಗಿ ಹೇಳುತ್ತಾನೆ. ಐದನೆಯದು ‘ಹಿಸ್ಟೋರಿಯಾ ಆಗಸ್ಟಾ’: ಮಾರ್ಕಸ್ ತಾನೇ ಪ್ರಾರ್ಥಿಸಿ ಸಿಡಿಲು ಬೀಳಿಸಿದ, ಮಳೆ ತರಿಸಿದ. ಆರನೆಯದು 11ನೇ ಶತಮಾನದ ಕ್ಸಿಫಿಲಿನಸ್. ಡಿಯೊನನ್ನು ನಕಲು ಮಾಡುತ್ತಿದ್ದವನು ಇಲ್ಲಿಗೆ ಬಂದ ಕೂಡಲೇ ಕೈ ನಿಲ್ಲಿಸಿ, ಡಿಯೊ ಸುಳ್ಳು ಹೇಳುತ್ತಿದ್ದಾನೆ, ಮಳೆ ಬಂದದ್ದು ಕ್ರೈಸ್ತರಿಂದ ಎಂದು ತನ್ನ ಮಾತು ಸೇರಿಸುತ್ತಾನೆ.

ಇಲ್ಲಿ ತಾಳಮದ್ದಳೆ ಬಲ್ಲವರು ತಟ್ಟನೆ ಹಿಡಿಯುತ್ತಾರೆ: ಭಾಗವತನೇ ಹಾಡು ನಿಲ್ಲಿಸಿ ಅರ್ಥ ಹೇಳತೊಡಗಿದ್ದಾನೆ. ಡಿಯೊನ ಪದ್ಯ ನಮಗೆ ಸಿಕ್ಕಿರುವುದು ಇಂಥ ಭಾಗವತನ ಬಾಯಿಂದ ಎಂದು ತಿಳಿದ ಮೇಲೆ, ಕಾರ್ಡಿನ ಹಿಂಬದಿಯ ಕೊನೆಯ ಸಾಲಿಗೆ ಬೆಲೆ ಬರುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ. ತನಗೆ ಒಪ್ಪಿಗೆಯಿಲ್ಲದ ಮಾಂತ್ರಿಕನ ಕಥೆಯನ್ನು ಅಳಿಸದೆ ಉಳಿಸಿ, ಬದಿಯಲ್ಲಿ ನಿಂತು ವಿರೋಧಿಸಿದ್ದಾನೆ. ಆ ಮಟ್ಟಿಗೆ ನಕಲುಗಾರನಾಗಿ ಅವನು ನಂಬಿಗಸ್ತ.

ಈಗ ಮೂರು ಗಟ್ಟಿ ವಸ್ತುಗಳನ್ನು ಮೇಜಿಗೆ ತನ್ನಿ. ಒಂದು: 12ನೇ ದಳಕ್ಕೆ ‘ಸಿಡಿಲಿನ’ ಎಂಬ ಹೆಸರು ಮಳೆಗಿಂತ ಬಹಳ ಮುಂಚಿನದು. ಬಾಕು ನಗರದ ಹತ್ತಿರದ ಗೊಬುಸ್ತಾನ್‌ನಲ್ಲಿ 1ನೇ ಶತಮಾನದ ಕೊನೆಗೆ, ಡೊಮಿಷಿಯನ್ ಕಾಲದಲ್ಲಿ ಆ ದಳದವನೊಬ್ಬ ಕೆತ್ತಿಸಿದ ಶಾಸನದಲ್ಲೇ ಅದು ಇದೆ. ಅಲ್ಲಿಗೆ ಹೆಸರಿನ ಕಥೆ ಬಿತ್ತು. ಎರಡು: ಇಟಲಿಯ ಅಕ್ವಿಲಿಯಾದಲ್ಲಿ ಅರ್ನುಫಿಸ್ ಎಂಬ ಈಜಿಪ್ಟಿನ ದೇವಾಲಯ ಲಿಪಿಕಾರ ಐಸಿಸ್ ದೇವಿಗೆ ಇಡಿಸಿದ ಶಾಸನ ಸಿಕ್ಕಿದೆ. ಅಂದಮೇಲೆ ಆ ಮನುಷ್ಯ ಕಟ್ಟುಕಥೆಯಲ್ಲ. ಮೂರು: 172–173ರ ರೋಮನ್ ನಾಣ್ಯಗಳಲ್ಲಿ ಈಜಿಪ್ಟ್ ಶೈಲಿಯ ಗುಡಿಯೊಳಗೆ ಮರ್ಕ್ಯುರಿ, ಅಂದರೆ ಗ್ರೀಕರ ಹರ್ಮೆಸ್ ನಿಂತಿದ್ದಾನೆ.

ಈ ಹಂತದಲ್ಲಿ ಕೂಟ ಹಾರಿ ಬೀಳುವುದು ಒಂದೇ ಕಡೆ: ‘ಹಾಗಾದರೆ ಮಾಂತ್ರಿಕನೇ ತರಿಸಿದ!’ ಭಾಗವತರು ತಡೆಯಬೇಕು. ಶಾಸನ ಹೇಳುವುದು ಆ ಮನುಷ್ಯ ಇದ್ದ ಎಂದು ಮಾತ್ರ, ನಾಣ್ಯ ಹೇಳುವುದು ಅರಮನೆ ಆ ದೇವರನ್ನು ಗೌರವಿಸಿತು ಎಂದು ಮಾತ್ರ. ಕ್ರೈಸ್ತ ಸೈನಿಕರು ಆ ಸೈನ್ಯದಲ್ಲಿ ಇದ್ದಿರಬಹುದು, ಪ್ರಾರ್ಥಿಸಿಯೂ ಇರಬಹುದು. ದಳದ ಹೆಸರಿನ ಕಥೆ ಬಿದ್ದಾಕ್ಷಣ ಅದೂ ಬೀಳುವುದಿಲ್ಲ. ಬೋರ್ಡಿನ ಮೇಲಿನ ಪ್ರಶ್ನೆ ತಿದ್ದಿ: ‘ಯಾರು ತರಿಸಿದರು’ ಎಂಬುದನ್ನು ಒರೆಸಿ ‘ಯಾರು, ಯಾವಾಗ, ಯಾಕೆ ತಮ್ಮದೆಂದರು’ ಎಂದು ಬರೆಯಿರಿ. ಇತಿಹಾಸಕಾರ ಉತ್ತರಿಸಬಲ್ಲದ್ದು ಅಷ್ಟೇ.

ಇಸವಿಯ ಜಗಳಕ್ಕೆ 10 ನಿಮಿಷ ಸಾಕು. ಡಿಯೊನ ಕ್ರಮ ಹಿಡಿದರೆ 174, ಸ್ತಂಭದಲ್ಲಿ ದೃಶ್ಯ ಇರುವ ಜಾಗ ನೋಡಿದರೆ 171 ಅಥವಾ 172.

ಮೂರನೇ ಭಾನುವಾರ: ಕ್ರೈಸ್ತರು

ಮುಂಬಯಿಯ ಕನ್ನಡ ಕೂಟದಲ್ಲಿ ಮಂಗಳೂರು ಕಡೆಯ ಕ್ರೈಸ್ತ ಬಂಧುಗಳು ಇದ್ದೇ ಇರುತ್ತಾರೆ. ಅವರ ಪಾಲಿಗೆ, ಇಂದಿನ ಫ್ರಾನ್ಸಿನ ಲಿಯೋನ್‌ನಲ್ಲಿ 177ರಲ್ಲಿ ಕೊಲ್ಲಲ್ಪಟ್ಟ ಬ್ಲಾಂಡಿನಾ ಬರೀ ಹೆಸರಲ್ಲ, ಸಂತಳು. ‘ನೀವೇ ಹೇಳಿ’ ಎಂದು ಯಾರನ್ನೂ ಸಮುದಾಯದ ವಕೀಲರನ್ನಾಗಿ ಮಾಡಬೇಡಿ, ಚೀಟಿಯಲ್ಲಿ ಬಂದ ಪಕ್ಷವನ್ನೇ ಎಲ್ಲರೂ ವಹಿಸಲಿ. ಇಂದಿನ ರಾಜಕೀಯದ ಹೋಲಿಕೆ ಬಂದರೆ ಅಲ್ಲೇ ನಿಲ್ಲಿಸಿ.

ಬೋರ್ಡಿನ ಮೇಲೆ ಮೂರು ಪದ: ಆಜ್ಞೆ, ಒಪ್ಪಿಗೆ, ಮೌನ. ಪ್ರತಿ ಕಾರ್ಡನ್ನು ಇವುಗಳಲ್ಲಿ ಯಾವುದರ ಕೆಳಗೆ ಇಡಬೇಕು ಎಂಬುದೇ ಇವತ್ತಿನ ವಾದ.

ಹಿನ್ನೆಲೆಯ ಕಾರ್ಡು, ಸುಮಾರು 112: ಚಕ್ರವರ್ತಿ ಟ್ರಾಜನ್ ತನ್ನ ರಾಜ್ಯಪಾಲ ಪ್ಲಿನಿಗೆ ಬರೆದ ಉತ್ತರ. ಕ್ರೈಸ್ತರನ್ನು ಹುಡುಕಿಕೊಂಡು ಹೋಗಬಾರದು, ದೂರು ಬಂದು ಸಾಬೀತಾದರೆ ಶಿಕ್ಷೆ, ನಿರಾಕರಿಸಿದರೆ ಕ್ಷಮೆ. ಮಾರ್ಕಸ್ ಪಟ್ಟಕ್ಕೆ ಬಂದಾಗ ಇದ್ದ ಪದ್ಧತಿ ಇದು. ಮುಂದಿನದು ಕ್ರೈಸ್ತ ತತ್ವಜ್ಞಾನಿ ಜಸ್ಟಿನ್‌ನ ವಿಚಾರಣೆ, ಸುಮಾರು 165. ಮರಣದಂಡನೆ ವಿಧಿಸಿದ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್. ಇದರ ಪಕ್ಕದಲ್ಲೇ ಸ್ವಗತದ 1.7 ಓದಿಸಿ: ತನಗೆ ಎಪಿಕ್ಟೆಟಸ್‌ನ ಮಾತುಗಳ ಪ್ರತಿ ಕೊಟ್ಟ ಗುರು ಎಂದು ಮಾರ್ಕಸ್ ಕೃತಜ್ಞತೆ ಹೇಳುವುದು ಇದೇ ರಸ್ಟಿಕಸ್‌ಗೆ. ಗುಲಾಮನಾಗಿದ್ದ ತತ್ವಜ್ಞಾನಿಯ ಮಾತನ್ನು ರಾಜಕುಮಾರನ ಕೈಗಿತ್ತ ಕೈಯೇ ಜಸ್ಟಿನ್‌ನ ತೀರ್ಪನ್ನೂ ಕೊಟ್ಟಿತು. ಕೋಣೆ ಸ್ವಲ್ಪ ಹೊತ್ತು ಸುಮ್ಮನಾದರೆ ಆಗಲಿ ಬಿಡಿ.

177ರ ಲಿಯೋನ್ ಘಟನೆಯೇ ಮುಖ್ಯ ಸಾಕ್ಷಿ. ಬದುಕುಳಿದವರು ಬರೆದ ಪತ್ರವನ್ನು ಯುಸೇಬಿಯಸ್ 5ನೇ ಪುಸ್ತಕದಲ್ಲಿ ಉಳಿಸಿದ್ದಾನೆ. ಜನ ರೊಚ್ಚಿಗೆದ್ದರು. ಟ್ರಾಜನ್‌ನ ಮಾತಿಗೆ ವಿರುದ್ಧವಾಗಿ ರಾಜ್ಯಪಾಲ ಕ್ರೈಸ್ತರನ್ನು ಹುಡುಕಿಸಿದ. ತೊಂಬತ್ತು ದಾಟಿದ ಬಿಷಪ್ ಪೊಥಿನಸ್ ಸೆರೆಯಲ್ಲಿ ಸತ್ತ. ಬಂಧಿತರಲ್ಲಿ ರೋಮನ್ ಪ್ರಜೆಗಳಿದ್ದುದರಿಂದ ರಾಜ್ಯಪಾಲ ಚಕ್ರವರ್ತಿಗೆ ಬರೆದು ಕೇಳಿದ. ಬಂದ ಉತ್ತರ: ಕ್ರೈಸ್ತರೆಂದು ಒಪ್ಪಿಕೊಂಡವರಿಗೆ ಮರಣ, ನಿರಾಕರಿಸಿದವರಿಗೆ ಬಿಡುಗಡೆ. ಹುಡುಕಿಸಿದ್ದು ರಾಜ್ಯಪಾಲ, ಕೊಲ್ಲಲು ಹೇಳಿದ್ದು ಚಕ್ರವರ್ತಿ. ಮಾರ್ಕಸ್‌ಗೆ ಏನೂ ಗೊತ್ತಿರಲಿಲ್ಲ ಎಂಬ ವಾದ ಈ ಕಾರ್ಡಿನ ಎದುರು ನಿಲ್ಲಲಾರದು. ಹಾಗೆಯೇ, ಸಾಮ್ರಾಜ್ಯದುದ್ದಕ್ಕೂ ಹಿಂಸಿಸಿ ಎಂದು ಅವನು ಸುಗ್ರೀವಾಜ್ಞೆ ಹೊರಡಿಸಿದ ಎಂಬ ವಾದಕ್ಕೂ ಇಲ್ಲಿ ಆಧಾರವಿಲ್ಲ. ಏಷ್ಯಾ ಪ್ರಾಂತ್ಯದಲ್ಲಿ ‘ಹೊಸ ಆಜ್ಞೆಗಳ’ ನೆಪದಲ್ಲಿ ದೋಚುತ್ತಿದ್ದಾರೆ ಎಂದು ಸಾರ್ಡಿಸ್‌ನ ಬಿಷಪ್ ಮೆಲಿಟೊ ಚಕ್ರವರ್ತಿಗೆ ಅಹವಾಲು ಬರೆದಿದ್ದಾನೆ, ಅದನ್ನು ಯಾವ ಪದದ ಕೆಳಗಿಡುವುದು ಎಂಬಲ್ಲಿ ಒಳ್ಳೆಯ ಜಗಳ ಏಳುತ್ತದೆ. ಟೆರ್ಟುಲಿಯನ್ ಮಾತ್ರ ಮಾರ್ಕಸ್‌ನನ್ನು ಕ್ರೈಸ್ತರ ರಕ್ಷಕ ಎಂದೇ ಕರೆಯುತ್ತಾನೆ. ಮಳೆಯ ಕಥೆ ಅವನಿಗೆ ಬೇಕಾಗಿದ್ದದ್ದು ಯಾಕೆಂದು ಈಗ ಗೊತ್ತಾಗುತ್ತದೆ.

ಇನ್ನು ಸ್ವಗತದ 11.3. ದೇಹ ಬಿಡಲು ಆತ್ಮ ಸಿದ್ಧವಿರಬೇಕು, ಆ ಸಿದ್ಧತೆ ಸ್ವಂತ ವಿವೇಚನೆಯಿಂದ ಬರಬೇಕು, ಕ್ರೈಸ್ತರ ಹಾಗೆ ಬರೀ ಎದುರು ನಿಲ್ಲುವ ಹಟದಿಂದಲ್ಲ ಎಂಬ ಮಾತು ಅಲ್ಲಿದೆ. ‘ಕ್ರೈಸ್ತರ ಹಾಗೆ’ ಎಂಬ ಪದಗಳು ಗ್ರೀಕ್ ವಾಕ್ಯದಲ್ಲಿ ಬೆಸೆದುಕೊಳ್ಳದೆ ಸಡಿಲವಾಗಿ ನಿಂತಿವೆ. ಯಾರೋ ಓದುಗ ಅಂಚಿನಲ್ಲಿ ಬರೆದದ್ದು ಒಳಗೆ ಸೇರಿಕೊಂಡಿತು ಎಂದು ಪಿ.ಎ. ಬ್ರಂಟ್ ಸೇರಿ ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಓಲೆಗರಿಗಳಲ್ಲಿ ಪ್ರಕ್ಷಿಪ್ತ ಪದ್ಯ ಸೇರುವ ಬಗೆ ತಿಳಿದವರಿಗೆ ಇದು ಹೊಸದಲ್ಲ. ಎದುರು ಪಕ್ಷದ ಮಾತು: ನಮಗೆ ಬಂದಿರುವ ಪಾಠದಲ್ಲಿ ಆ ಪದಗಳಿವೆ, ಇಷ್ಟವಾಗದ್ದನ್ನೆಲ್ಲ ಪ್ರಕ್ಷಿಪ್ತ ಎನ್ನಲಾಗದು. ಸ್ವಗತದ ಮೊದಲ ಮುದ್ರಣ 1559ರಲ್ಲಿ ಜ್ಯೂರಿಕ್‌ನಲ್ಲಿ ಆಯಿತು, ಅದಕ್ಕೆ ಬಳಸಿದ ಹಸ್ತಪ್ರತಿ ಆಮೇಲೆ ಕಳೆದುಹೋಯಿತು. ಹೋಲಿಸಿ ನೋಡಲು ಪೂರ್ತಿ ಪಾಠವಿರುವ ಇನ್ನೊಂದೇ ಪ್ರತಿ ಉಳಿದಿದೆ, ವ್ಯಾಟಿಕನ್‌ನಲ್ಲಿ. ಒಂದು ವಿಷಯ ಮಾತ್ರ ಪಕ್ಕಾ: ಈ ಮೂರು ನಾಲ್ಕು ಪದಗಳನ್ನು ತೆಗೆದರೂ ಲಿಯೋನ್‌ನ ಉತ್ತರ ಹಾಗೆಯೇ ಇರುತ್ತದೆ.

ನಾಲ್ಕನೇ ಭಾನುವಾರ: ಕೊಮೊಡಸ್

ಸಾಮಾನ್ಯ ಆರೋಪ ಇದು: ಚಕ್ರವರ್ತಿ ನರ್ವಾನಿಂದ ಮಾರ್ಕಸ್‌ನ ಹಿಂದಿನ ಚಕ್ರವರ್ತಿ ಆಂಟೊನೈನಸ್‌ವರೆಗೆ ಯೋಗ್ಯನನ್ನು ಆರಿಸಿ ದತ್ತು ತೆಗೆದುಕೊಳ್ಳುವ ಒಳ್ಳೆಯ ಪದ್ಧತಿ ಇತ್ತು, ತತ್ವಜ್ಞಾನಿಯೇ ಅದನ್ನು ಮುರಿದು ಮಗನ ಮೋಹಕ್ಕೆ ಬಿದ್ದ. ಮಾರ್ಕಸ್ ಸತ್ತ ಮೇಲೆ ಇತಿಹಾಸ ಚಿನ್ನದಿಂದ ಕಬ್ಬಿಣಕ್ಕೆ, ತುಕ್ಕಿಗೆ ಇಳಿಯಿತು ಎಂದು ಡಿಯೊ ಹೇಳಿದ. 1776ರಲ್ಲಿ ಇಂಗ್ಲಿಷ್ ಇತಿಹಾಸಕಾರ ಗಿಬ್ಬನ್ ಆ ಹಿಂದಿನ ಕಾಲವನ್ನು ಮನುಕುಲದ ಅತ್ಯಂತ ಸುಖದ ಕಾಲ ಎಂದು ಹೊಗಳಿ ಈ ಚಿತ್ರವನ್ನು ಗಟ್ಟಿ ಮಾಡಿದರು.

ವಂಶವೃಕ್ಷವನ್ನು ದೊಡ್ಡ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ನರ್ವಾ, ಟ್ರಾಜನ್, ಹೇಡ್ರಿಯನ್ ಮೂವರಿಗೂ ಮಕ್ಕಳಿರಲಿಲ್ಲ. ಆಂಟೊನೈನಸ್‌ನ ಇಬ್ಬರು ಗಂಡುಮಕ್ಕಳೂ ಅವನು ಪಟ್ಟಕ್ಕೆ ಬರುವ ಮುಂಚೆಯೇ ತೀರಿಕೊಂಡಿದ್ದರು. ಬದುಕಿರುವ ಮಗನನ್ನು ಬದಿಗಿಟ್ಟು ಇನ್ನೊಬ್ಬನನ್ನು ಆರಿಸಿದವರು ಅವರಲ್ಲಿ ಯಾರೂ ಇಲ್ಲ. ದತ್ತು ಹೋದವರಲ್ಲಿ ಕೆಲವರು ಸಂಬಂಧಿಕರೇ. ಆಂಟೊನೈನಸ್ ಮಾರ್ಕಸ್‌ಗೆ ಸೋದರತ್ತೆಯ ಗಂಡ. 138ರಲ್ಲಿ 16ರ ಮಾರ್ಕಸ್‌ನನ್ನೂ 7ರ ಲೂಸಿಯಸ್‌ನನ್ನೂ ಅವನು ದತ್ತು ತೆಗೆದುಕೊಂಡ. 145ರಲ್ಲಿ ಮಾರ್ಕಸ್ ಮದುವೆಯಾದದ್ದು ಆಂಟೊನೈನಸ್‌ನ ಮಗಳು ಫೌಸ್ಟಿನಾಳನ್ನು, ಅಂದರೆ ಸೋದರತ್ತೆಯ ಮಗಳನ್ನು. ಇಂಗ್ಲಿಷ್ ಪುಸ್ತಕದಲ್ಲಿ ಒಂದು ಪುಟ ಬೇಕಾಗುವ ಈ ಸಂಬಂಧ ನಮ್ಮ ಕೂಟದಲ್ಲಿ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಆದರೆ ಕಿತ್ತೂರಿನ ದತ್ತಕದ ಪ್ರಶ್ನೆಯನ್ನು ಇದಕ್ಕೆ ಜೋಡಿಸಬೇಡಿ, ಅಲ್ಲಿ ದತ್ತು ಒಪ್ಪದಿದ್ದವರು ಹೊರಗಿನ ಕಂಪನಿಯವರು, ಇಲ್ಲಿ ಅಂಥ ತಕರಾರು ಇರಲಿಲ್ಲ.

ಕಾಲಕ್ರಮ: ಕೊಮೊಡಸ್ ಹುಟ್ಟಿದ್ದು 161ರಲ್ಲಿ, ಅವಳಿಗಳಲ್ಲಿ ಒಬ್ಬ, ಇನ್ನೊಬ್ಬ ನಾಲ್ಕು ವರ್ಷಕ್ಕೆ ಹೋದ. 166ರಲ್ಲಿ ಕೊಮೊಡಸ್‌ಗೂ ತಮ್ಮ ಆನಿಯಸ್ ವೆರಸ್‌ಗೂ ಸೀಸರ್ ಪದವಿ, ಅಂದರೆ ಉತ್ತರಾಧಿಕಾರಿಯ ಬಿರುದು. 169ರಲ್ಲಿ ಆ ತಮ್ಮನೂ ತೀರಿಕೊಂಡ. ಮಾರ್ಕಸ್ ದಂಪತಿಗೆ ಹತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದ್ದರು. ಗಂಡುಮಕ್ಕಳಲ್ಲಿ ಉಳಿದವನು ಕೊಮೊಡಸ್ ಒಬ್ಬನೇ. 175ರಲ್ಲಿ ಮಾರ್ಕಸ್ ಸತ್ತನೆಂಬ ಸುದ್ದಿ ಹಬ್ಬಿ ಸಿರಿಯಾದ ಅವಿಡಿಯಸ್ ಕ್ಯಾಸಿಯಸ್ ತಾನೇ ಚಕ್ರವರ್ತಿ ಎಂದ. ಮೂರು ತಿಂಗಳ ಮೇಲೆ ಆರು ದಿನಕ್ಕೆ ಅವನ ಕೊಲೆಯಾಯಿತು. ಆಮೇಲೆ ಎಲ್ಲವೂ ಓಟ: 177ರಲ್ಲಿ ಹದಿನೈದರ ಹುಡುಗ ಕಾನ್ಸಲ್, ಅದೇ ವರ್ಷ ಸಹಚಕ್ರವರ್ತಿ.

ಮಾರ್ಕಸ್‌ನ ವಿರುದ್ಧ ಪಕ್ಷದವರು ಬರೀ ‘ಬೇರೆಯವನನ್ನು ಆರಿಸಬೇಕಿತ್ತು’ ಎಂದರೆ ಭಾಗವತರು ಬಿಡಬಾರದು. ಹೆಸರು ಹೇಳಬೇಕು, ಆಮೇಲೆ ಕೊಮೊಡಸ್ ಗತಿ ಏನು ಎಂದೂ ಹೇಳಬೇಕು. ಸಾಮಾನ್ಯವಾಗಿ ಬರುವ ಹೆಸರು ಅಳಿಯ ಪೊಂಪೆಯಾನಸ್, ಅನುಭವಿ ಸೇನಾಪತಿ. ಅವನು ಪಟ್ಟಕ್ಕೆ ಬಂದರೆ ಚಕ್ರವರ್ತಿಯ ರಕ್ತದ ಮಗ ಸುಮ್ಮನೆ ಮನೆಯಲ್ಲಿ ಕೂತಾನೆಯೇ? ಅವನನ್ನು ಮುಂದಿಟ್ಟುಕೊಂಡು ಸೈನ್ಯದ ಯಾವುದೋ ಗುಂಪು ಎದ್ದೀತು. ಒಳಯುದ್ಧ, ಇಲ್ಲವೇ ಹುಡುಗನ ಕೊಲೆ. ಸಮರ್ಥಿಸುವ ಪಕ್ಷಕ್ಕೆ ಇದೇ ದೊಡ್ಡ ಬಲ. ವಿರೋಧ ಪಕ್ಷಕ್ಕೆ ಉಳಿಯುವ ಒಳ್ಳೆಯ ದಾರಿ ಬೇರೆಯಿದೆ: ಪಟ್ಟ ಕೊಟ್ಟದ್ದು ಅನಿವಾರ್ಯ ಎಂದೇ ಒಪ್ಪಿ, ತಯಾರಿ ಸಾಲದಾಯಿತು ಎನ್ನಬಹುದು. ಲೂಸಿಯಸ್ ಜೊತೆ ತಾನೇ ಎಂಟು ವರ್ಷ ಜೋಡಿಯಾಗಿ ಆಳಿದವನು, ಮಗನ ಪಕ್ಕದಲ್ಲಿ ಪ್ರೌಢ ಸಹಚಕ್ರವರ್ತಿಯೊಬ್ಬನನ್ನು ಏಕೆ ಇಡಲಿಲ್ಲ? ಇದಕ್ಕೆ ಎದುರು ಪಕ್ಷದ ಬಳಿ ಸುಲಭದ ಉತ್ತರವಿಲ್ಲ.

ಫೌಸ್ಟಿನಾಳ ಚಾರಿತ್ರ್ಯ, ಕೊಮೊಡಸ್ ಒಬ್ಬ ಗ್ಲಾಡಿಯೇಟರ್‌ನ ಮಗ ಎಂಬ ಕಥೆ ಯಾರ ಬಾಯಿಗಾದರೂ ಬಂದೇ ಬರುತ್ತದೆ. ಅದು ಕೆಂಪು ಅಂಚಿನ ಕಾರ್ಡಿನದು. ಮಗ ಅಖಾಡಕ್ಕಿಳಿದವನಾದ್ದರಿಂದ ತಾಯಿಗೆ ಅಂಥ ಕಥೆ ಕಟ್ಟಿದ್ದಾರೆ ಎಂದಷ್ಟೇ ಹೇಳಿ ಮುಂದೆ ಹೋಗಿ.

ಕೊನೆಯ ಕಾರ್ಡು ಸಾವಿನದು. 180ರ ಮಾರ್ಚ್ 17. ಕೊಮೊಡಸ್‌ಗೆ ಪ್ರಿಯವಾಗಲೆಂದು ವೈದ್ಯರೇ ಮುಗಿಸಿದರು ಎಂದು ತನಗೆ ಸ್ಪಷ್ಟವಾಗಿ ತಿಳಿದುಬಂದಿದೆ ಎನ್ನುತ್ತಾನೆ ಡಿಯೊ. ‘ತಿಳಿದುಬಂದಿದೆ’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಸತ್ತ ಊರಿನ ಬಗ್ಗೆಯೂ ಒಮ್ಮತವಿಲ್ಲ: ಟೆರ್ಟುಲಿಯನ್ ಸಿರ್ಮಿಯಮ್ ಎನ್ನುತ್ತಾನೆ, ಆರೇಲಿಯಸ್ ವಿಕ್ಟರ್ ಇಂದಿನ ವಿಯೆನ್ನಾ ಆದ ವಿಂಡೊಬೋನಾ ಎನ್ನುತ್ತಾನೆ. ಟೆರ್ಟುಲಿಯನ್ ಘಟನೆಗೆ ಹತ್ತಿರದವನು, ವಿಕ್ಟರ್ 4ನೇ ಶತಮಾನದವನು.

ದಾಖಲೆ

ಪ್ರತಿ ಬೈಠಕ್ಕಿನ ಕೊನೆಗೆ ಕೈ ಎತ್ತಿಸಿ ಗೆದ್ದವರನ್ನು ಘೋಷಿಸಬೇಡಿ. ಒಂದು ಹಾಳೆಯಲ್ಲಿ ಮೂರು ಅಂಕಣ ಹಾಕಿ: ಕಾರ್ಡಿನಿಂದ ಸಾಬೀತಾದದ್ದು, ಸಂಭವವಿರುವುದು, ಬರೀ ಊಹೆ. ಒಂದೊಂದು ವಾಕ್ಯವನ್ನೂ ಎಲ್ಲಿ ಬರೆಯಬೇಕು ಎಂದು ಕೂಟವೇ ತೀರ್ಮಾನಿಸಲಿ, ಒಪ್ಪದವರ ಕಾರಣವೂ ಅದೇ ಹಾಳೆಯಲ್ಲಿ ಇರಲಿ. ಇದಕ್ಕೆ 15 ನಿಮಿಷ ಮೀಸಲಿಡಿ. ಚಹಾ ಬಂದ ಮೇಲೆ ಮಾಡುತ್ತೇವೆ ಎಂದರೆ ಆಗುವುದಿಲ್ಲ.

ಕಾರ್ಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಸಂಘದ ಕಪಾಟಿನಲ್ಲಿಡಿ. ಮುಂದಿನ ವರ್ಷ ಇನ್ನೊಬ್ಬ ತತ್ವಜ್ಞಾನಿ ಚಕ್ರವರ್ತಿ ಜೂಲಿಯನ್‌ನನ್ನು (361–363) ಎತ್ತಿಕೊಳ್ಳುವುದಾದರೆ ಇವು ಉಪಯೋಗಕ್ಕೆ ಬರುವುದಿಲ್ಲ, ಒಂದು ಕಾರ್ಡು ಬಿಟ್ಟು: ಜೂಲಿಯನ್ ತನ್ನ ಹಿಂದಿನ ಚಕ್ರವರ್ತಿಗಳನ್ನೆಲ್ಲ ದೇವರುಗಳ ಎದುರು ನಿಲ್ಲಿಸಿ ಬರೆದ ವಿಡಂಬನೆಯಲ್ಲಿ, ಮಾರ್ಕಸ್‌ಗೆ ಎದುರಾಗುವ ಆಕ್ಷೇಪಗಳಲ್ಲಿ ಹೆಂಡತಿಯದೂ ಒಂದು, ಮಗನದೂ ಒಂದು. ಆ ಕಾರ್ಡನ್ನು ನಾಲ್ಕನೇ ಭಾನುವಾರದ ಕಟ್ಟಿನಿಂದ ತೆಗೆದು ಹೊಸ ಕಟ್ಟಿನ ಮೇಲಿಡಿ.